ಜೂಜಿನ ಗೀಳು: ಅದನ್ನು ಮೊದಲು ಕಾಣುವವರು ಯಾರು?

ಸಪ್ತವ್ಯಸನಗಳಲ್ಲಿ ದ್ಯೂತವೂ ಒಂದೆಂದು ನಮ್ಮ ಪ್ರಾಚೀನರು ಎಣಿಸಿದ್ದರು. ಅವರು ಅದನ್ನು ವ್ಯಸನವೆಂದರೇ ಹೊರತು ರೋಗವೆಂದು ಕರೆಯಲಿಲ್ಲ. ಅರ್ವಾಚೀನ ಮನೋವೈದ್ಯಶಾಸ್ತ್ರವು ಈ ವಿಷಯದಲ್ಲಿ ಮೆಲ್ಲಮೆಲ್ಲನೆ ತನ್ನ ಅಭಿಪ್ರಾಯವನ್ನು ರೂಪಿಸಿಕೊಂಡಿತು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಪ್ರಕಟಿಸಿದ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಜೂಜಿನ ಗೀಳನ್ನು ಮನಸ್ಸಿನ ಒಂದು ವಿಕಾರವೆಂದು ಸೇರಿಸಿತು. 2013ರ ಐದನೆಯ ಆವೃತ್ತಿಯಲ್ಲಿ ಅದನ್ನು ಮದ್ಯ, ಅಫೀಮು ಮೊದಲಾದವುಗಳ ಚಟದ ಸಾಲಿನಲ್ಲಿಯೇ ತಂದು ಕೂಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವೂ, ಅಂದರೆ 2022ರ ಜನವರಿಯಿಂದ ಜಾರಿಗೆ ಬಂದುದೂ, ಇದೇ ದಾರಿಯನ್ನು ಹಿಡಿದಿದೆ. ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ 1.2ರಷ್ಟು ಜನರಿಗೆ ಈ ಗೀಳು ಇರಬಹುದೆಂದು ಅದೇ ಸಂಸ್ಥೆ ಅಂದಾಜು ಮಾಡಿದೆ.

ರೋಗವೆಂದ ಮೇಲೆ ಅದನ್ನು ಗುರುತಿಸುವ ಉಪಾಯ ಬೇಕಷ್ಟೆ. ಜ್ವರವಾದರೆ ಮೈ ಮುಟ್ಟಿ ನೋಡಬಹುದು, ಕಾಮಾಲೆಯಾದರೆ ಕಣ್ಣಿನ ಬಣ್ಣ ಹೇಳುತ್ತದೆ. ಮದ್ಯಪಾನಿಯನ್ನೂ ಬಾಯಿಯ ವಾಸನೆಯಿಂದ ತಿಳಿಯಬಹುದು. ಜೂಜುಗಾರನಿಗೆ ವಾಸನೆ ಇಲ್ಲ, ತೂರಾಟವಿಲ್ಲ. ರಕ್ತ ತೆಗೆದು ನೋಡಿದರೆ ಏನೂ ಸಿಕ್ಕದು. ಆತನನ್ನು ಗುರುತಿಸಲು ವೈದ್ಯರ ಕೈಯಲ್ಲಿ ಇರುವುದು ಕೆಲವು ಪ್ರಶ್ನೆಗಳು ಮಾತ್ರ. ಆ ಪ್ರಶ್ನೆಗಳು ಯಾವುವು, ಅವು ಎಷ್ಟರ ಮಟ್ಟಿಗೆ ನಂಬತಕ್ಕವು, ಅವುಗಳನ್ನು ಯಾರಿಗೆ ಕೇಳಬೇಕು ಎಂಬುದೇ ಪ್ರಕೃತ ಲೇಖನದ ವಿಷಯ. ಮೂರನೆಯದರ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೂಜಿನ ಗೀಳನ್ನು ಕಟ್ಟಕಡೆಗೆ ಒಪ್ಪಿಕೊಳ್ಳುವವನು ಜೂಜುಗಾರ. ಮೊಟ್ಟಮೊದಲು ಕಾಣುವವರು ಅವನ ಮನೆಯವರು. ಆದುದರಿಂದ ಪ್ರಶ್ನೆಯು ಮನೆಯವರ ಕಡೆಗೂ ಹೋಗಬೇಕು.

ಇಂಥ ಪ್ರಶ್ನೆಗಳ ಕಟ್ಟಿಗೆ ಇಂಗ್ಲಿಷಿನಲ್ಲಿ ಸ್ಕ್ರೀನಿಂಗ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ಜರಡಿ ಹಿಡಿಯುವುದು ಎಂದರೆ ಅರ್ಥ ಸರಿಯಾಗಿಯೇ ಬರುತ್ತದೆ. ಜರಡಿಯು ಜೋಳವನ್ನು ಬೀಸುವುದಿಲ್ಲ, ರೊಟ್ಟಿ ಸುಡುವುದಿಲ್ಲ. ಕಲ್ಲು ಇರಬಹುದಾದ ಕಾಳನ್ನು ಬೇರೆ ಮಾಡಿ ಇನ್ನೊಮ್ಮೆ ನೋಡಿರೆಂದು ನಮ್ಮ ಮುಂದಿಡುತ್ತದೆ, ಅಷ್ಟೆ. ಅದರ ಮೇಲೆ ಉಳಿದುದೆಲ್ಲ ಕಲ್ಲೇ ಎಂದು ತಿಳಿಯುವವರು ಒಳ್ಳೆಯ ಕಾಳನ್ನೂ ಚೆಲ್ಲಿಯಾರು. ಈ ಎಚ್ಚರವನ್ನು ವಾಚಕರು ಲೇಖನದ ಕೊನೆಯವರೆಗೂ ಮರೆಯಬಾರದು.

ಮನೆಯವರೇ ಮೊದಲು ಕಾಣುತ್ತಾರೆಂಬ ಮಾತಿಗೆ ನಮ್ಮ ಜಿಲ್ಲೆಯವರು ಬಹಳ ದೂರ ಹೋಗಿ ಸಾಕ್ಷಿ ಹುಡುಕಬೇಕಾಗಿಲ್ಲ. ಬೀದರಿನ ಹೆಸರು ಬಿದಿರಿನಿಂದ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಜನರ ಬಾಯಲ್ಲಿ ಮಾತ್ರ ಅದು ವಿದುರನಗರ. ಫೆರಿಷ್ತನೆಂಬ ಪಾರಸಿ ಇತಿಹಾಸಕಾರನು ಬೀದರಿಗೆ ಇನ್ನೊಂದು ಕಥೆಯನ್ನು ಅಂಟಿಸಿದ್ದಾನೆ: ಇದು ದಮಯಂತಿಯ ತಂದೆ ಭೀಮರಾಜನ ಪಟ್ಟಣವಾಗಿತ್ತಂತೆ. ಎರಡೂ ಇತಿಹಾಸವಲ್ಲ, ಐತಿಹ್ಯ. ಆದರೂ ನೋಡಿರಿ, ಈ ಎರಡು ಐತಿಹ್ಯಗಳೂ ಜೂಜಿನ ಕಥೆಗಳೇ ಆಗಿವೆ; ಎರಡರಲ್ಲಿಯೂ ನಮ್ಮೂರಿಗೆ ಸಂಬಂಧಪಟ್ಟವರು ಆಡಿದವರಲ್ಲ, ಆಟವನ್ನು ಹತ್ತಿರದಿಂದ ನೋಡಿ ಅದರ ಕೇಡನ್ನು ಮೊದಲು ಅರಿತವರು. ಪಗಡೆಯಾಟ ಬೇಡವೆಂದು ಧೃತರಾಷ್ಟ್ರನಿಗೆ ಹೇಳಿದವನು ವಿದುರ. ಆತನ ಮಾತು ನಡೆಯಲಿಲ್ಲ; ಧರ್ಮರಾಯನನ್ನು ಆಟಕ್ಕೆ ಕರೆತರುವ ಕೆಲಸವೂ ಆತನ ತಲೆಗೇ ಬಂದಿತು.

ದಮಯಂತಿಯ ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕನಕದಾಸರ ನಳಚರಿತ್ರೆಯ ಮೂಲಕ ಈ ಕಥೆ ಕನ್ನಡಿಗರ ಮನೆಮಾತಾಗಿದೆ. ಮಹಾಭಾರತದ ಅರಣ್ಯಪರ್ವದಲ್ಲಿ ಬರುವಂತೆ, ನಳನು ಪುಷ್ಕರನೊಡನೆ ಆಡುತ್ತ ಕುಳಿತಾಗ ಪುರಜನರೂ ಮಂತ್ರಿಗಳೂ ಬಾಗಿಲಿಗೆ ಬಂದು ಕಾಯುತ್ತಾರೆ. ದಮಯಂತಿ ಅವನಿಗೆ ತಿಳಿಸುತ್ತಾಳೆ. ಅವನು ತಲೆಯೆತ್ತುವುದಿಲ್ಲ, ಉತ್ತರ ಕೊಡುವುದಿಲ್ಲ. ಎರಡನೆಯ ಸಲವೂ ಹಾಗೆಯೇ. ಆಗ ಆಕೆ ಅಳುತ್ತ ಕೂಡಲಿಲ್ಲ; ಸಾರಥಿ ವಾರ್ಷ್ಣೇಯನನ್ನು ಕರೆಸಿ, ಇಬ್ಬರು ಮಕ್ಕಳನ್ನು ರಥದಲ್ಲಿ ಕೂರಿಸಿ, ಕುಂಡಿನಪುರದ ತವರಿಗೆ ಕಳುಹಿಸಿಬಿಟ್ಟಳು. ನಳನು ರಾಜ್ಯವನ್ನು ಪೂರ್ತಿ ಕಳೆದುಕೊಳ್ಳುವ ಮೊದಲೇ ಈ ಏರ್ಪಾಡು ನಡೆದಿತ್ತೆಂಬುದನ್ನು ಗಮನಿಸಬೇಕು. ಇಂದಿನ ಮನಶ್ಶಾಸ್ತ್ರದ ಪುಸ್ತಕದಲ್ಲಿ ಬರೆದಿರುವ ಲಕ್ಷಣಗಳಲ್ಲಿ ಎರಡನ್ನಾದರೂ ಆಕೆ ಆ ದಿನವೇ ಓದಿಕೊಂಡಿದ್ದಳು: ಸೋತಷ್ಟೂ ಮತ್ತೆ ಆಡುವ ಹಟ, ಆಟದ ಹೊರತು ಬೇರೆಲ್ಲಕ್ಕೂ ಕಿವುಡು.

ಇನ್ನು ಬಸವಕಲ್ಯಾಣದ ಮಾತು. ನನ್ನ ಊರು ಗೋರ್ಟಾ (ಬಿ). 1948ರ ಹುತಾತ್ಮರ ಊರೆಂದು ಹೊರಗಿನವರು ಅದನ್ನು ಬಲ್ಲರು. ಸಂತೆ, ಆಸ್ಪತ್ರೆ, ಕಚೇರಿ ಎಂದು ನಾವು ಹೋಗುವುದು ಬಸವಕಲ್ಯಾಣಕ್ಕೆ. ಆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಪಾಲು ಮುಂದೆ ನೂರಾರು ವರ್ಷ ಆ ಗ್ರಂಥದ ಮೇಲೆಯೇ ನಡೆಯಿತು. ಆ ಸ್ಮೃತಿಯಲ್ಲಿ ಜೂಜಿಗೆಂದೇ ಒಂದು ಪ್ರಕರಣವುಂಟು. ಅದಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಸಾಲದ ಪ್ರಕರಣ. ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕು. ಆದರೆ ಹೆಂಡಕ್ಕಾಗಿ, ಕಾಮಕ್ಕಾಗಿ, ಜೂಜಿಗಾಗಿ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲ ಎಂದು ಅಲ್ಲಿ ಹೇಳಿದೆ. ಒಂದು ನಿಯಮವನ್ನು ಬರೆಯಬೇಕಾದರೆ ಅದಕ್ಕೆ ಮೊದಲು ಸಂಕಟವಿರಬೇಕು. ಒಂಬೈನೂರು ವರ್ಷಗಳ ಹಿಂದೆಯೂ ಸಾಲಗಾರನು ಜೂಜುಗಾರನನ್ನು ಬಿಟ್ಟು ಅವನ ಮಗನ ಬಾಗಿಲು ತಟ್ಟುತ್ತಿದ್ದನೆಂದು ಇದರಿಂದ ಊಹಿಸಬಹುದಾಗಿದೆ. ಮಗನ ರಕ್ಷಣೆಗೆ ಒಂದು ಮಾತು ಸಿಕ್ಕಿತು. ಹೆಂಡತಿಯ ಮೈಮೇಲಿನ ಬಂಗಾರಕ್ಕೆ ಅಂಥ ರಕ್ಷಣೆ ದೊರೆಯಿತೇ ಎಂಬ ಪ್ರಶ್ನೆಯನ್ನು ದ್ರೌಪದಿಯೇ ಸಭೆಯಲ್ಲಿ ಕೇಳಿದ್ದಳು. ತನ್ನನ್ನು ಮೊದಲು ಸೋತವನು ಅನಂತರ ನನ್ನನ್ನು ಪಣಕ್ಕೊಡ್ಡಲು ಯಾರು ಎಂದು ಆಕೆ ಕೇಳಿದಾಗ ಭೀಷ್ಮನಂಥ ಹಿರಿಯನೂ ಧರ್ಮ ಸೂಕ್ಷ್ಮವೆಂದು ಹೇಳಿ ಜಾರಿಕೊಂಡನಷ್ಟೆ.

ಪುರಾಣವನ್ನು ಇಲ್ಲಿಗೆ ಬಿಟ್ಟು ನಮ್ಮ ಕಾಲಕ್ಕೆ ಬರೋಣ. ನಮ್ಮ ಕಡೆಯ ಜೂಜು ಹಲವು ಬಗೆಯದು. ದೀಪಾವಳಿಗೆ ಪತ್ತೆ ಆಡುವುದನ್ನು ಜೂಜೆಂದು ಯಾರೂ ತಿಳಿಯುವುದಿಲ್ಲ. ಅಂದರ್-ಬಾಹರ್ ಆಡುವವರು ಹೊಲದ ಬದಿಗೆ, ಗುಡಿಯ ಹಿಂದಕ್ಕೆ ಹೋಗುತ್ತಾರೆ. ಮಟ್ಕಾದ್ದು ಬೇರೆಯೇ ಚರಿತ್ರೆ. ನ್ಯೂಯಾರ್ಕಿನ ಹತ್ತಿಪೇಟೆ ತೆರೆಯುವಾಗಿನ ದರ ಮತ್ತು ಮುಚ್ಚುವಾಗಿನ ದರಗಳ ಮೇಲೆ ಮುಂಬಯಿಯಲ್ಲಿ ಹಣ ಕಟ್ಟುತ್ತಿದ್ದರು. ಓಪನ್ ಮತ್ತು ಕ್ಲೋಸ್ ಎಂಬ ಆ ಎರಡು ಮಾತುಗಳಿಂದಲೇ ‘ಓಸಿ’ ಎಂಬ ಹೆಸರು ಉಳಿಯಿತು. 1961ರಲ್ಲಿ ಆ ದರ ಬರುವುದು ನಿಂತಿತು. ಮರುವರ್ಷ ಕಲ್ಯಾಣಜಿ ಭಗತ್ ಎಂಬಾತ ವರ್ಲಿಯಲ್ಲಿ ಅಂಕೆ ಎತ್ತುವ ಆಟವನ್ನು ಆರಂಭಿಸಿದ. ‘ಕಲ್ಯಾಣ’ ಎಂಬ ಮಟ್ಕಾದ ಹೆಸರು ಅವನದು. ಶರಣರ ಕಲ್ಯಾಣಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಇಲ್ಲಿ ಹೇಳಿಡುವುದು ಒಳಿತು. ಈಚೆಗೆ ಕ್ರಿಕೆಟ್ಟಿನ ಬೆಟ್ಟಿಂಗ್ ಬಂದಿತು, ಮೊಬೈಲಿನಲ್ಲಿ ರಮ್ಮಿ ಬಂದಿತು. ಹಳೆಯ ಜೂಜಿಗೆ ನಾಲ್ವರು ಕೂಡಬೇಕಾಗಿತ್ತು, ಯಾರಾದರೊಬ್ಬರು ಕಂಡು ಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು. ಹೊಸದನ್ನು ಚಾದರದೊಳಗೆ ಮಲಗಿಕೊಂಡು ಆಡಬಹುದು. ಆದ್ದರಿಂದಲೇ ಇಂದು ಗುರುತಿಸುವ ಕೆಲಸ ಹಿಂದೆಂದಿಗಿಂತಲೂ ಕಠಿಣವಾಗಿದೆ.

ಇಲ್ಲಿ ಒಂದು ಮನೆಯ ಸಂಗತಿಯನ್ನು ಹೇಳಬೇಕೆನಿಸುತ್ತದೆ. ಹೆಸರು ಹೇಳುವುದು ಉಚಿತವಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಹೀಗಾಗಿ ಓಣಿಯ ಹೆಂಗಸರು ಬ್ಯಾಂಕಿನ ಪಾಸ್‌ಬುಕ್ಕು, ಸಂಘದ ಸಾಲದ ಚೀಟಿ, ಸರ್ಕಾರದ ಕಾಗದ ಏನೇ ಬಂದರೂ ನನ್ನ ಬಳಿ ತರುತ್ತಾರೆ. 2024ರಲ್ಲಿ ಸೋಯಾ ರಾಶಿ ಮುಗಿದ ಮೇಲೆ ಒಬ್ಬಾಕೆ ಪಾಸ್‌ಬುಕ್ಕು ತಂದು, “ರೊಕ್ಕ ಎಲ್ಲಿ ಹೋಗ್ಯಾವ, ನೋಡಿ ಹೇಳು ತಂಗಿ” ಎಂದಳು. ನೂರು, ಇನ್ನೂರು, ಐನೂರು. ಒಂದೇ ತಾರೀಖಿನಲ್ಲಿ ಒಂಬತ್ತು ಸಲ ಹಣ ಹೋಗಿತ್ತು. ನಡುವೆ ಒಂದು ಕಡೆ ಸಾವಿರದ ಎಂಟುನೂರು ಬಂದಿತ್ತು, ಮರುದಿನ ಅದೂ ಹೋಗಿತ್ತು. ನಾನು ಓದುತ್ತ ಹೋದೆ, ಆಕೆ ಬೆರಳು ಮಡಿಚಿ ಎಣಿಸುತ್ತ ಹೋದಳು. ಇದು ಆಟದ ಹಣವೆಂದು ಹೇಗೆ ಹೇಳಲೆಂದು ನಾನು ತಡವರಿಸುತ್ತಿದ್ದಾಗ ಆಕೆಯೇ ಹೇಳಿದಳು: “ನನಗ ಗೊತ್ತದ ತಂಗಿ, ಆರು ತಿಂಗಳಿಂದ ಗೊತ್ತದ. ಯಾರರೆ ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳಲಿಲ್ಲ.” ಆಕೆ ಬಂದುದು ಏನು ನಡೆದಿದೆಯೆಂದು ತಿಳಿಯುವುದಕ್ಕಲ್ಲ, ಎಷ್ಟು ಹೋಗಿದೆಯೆಂದು ತಿಳಿಯುವುದಕ್ಕೆ. ಆ ಆರು ತಿಂಗಳಲ್ಲಿ ಆಕೆ ತಲೆನೋವೆಂದೂ ನಿದ್ರೆ ಬರುವುದಿಲ್ಲವೆಂದೂ ಎರಡು ಸಲ ದವಾಖಾನೆಗೆ ಹೋಗಿ ಗುಳಿಗೆ ತಂದಿದ್ದಳು.

ಈಗ ಪ್ರಶ್ನೆಗಳನ್ನು ನೋಡೋಣ. ಇವುಗಳಲ್ಲಿ ಬಹಳ ಹೆಸರಾದುದು ಅಮೆರಿಕದ ಸೌತ್ ಓಕ್ಸ್ ಆಸ್ಪತ್ರೆಯಲ್ಲಿ ಹುಟ್ಟಿದ ಪಟ್ಟಿ. ಹೆನ್ರಿ ಲೆಸ್ಯೂರ್ ಮತ್ತು ಶೀಲಾ ಬ್ಲೂಮ್ ಎಂಬ ಇಬ್ಬರು 1987ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿ ಎಣಿಕೆಗೆ ಬರುವ ಪ್ರಶ್ನೆಗಳು ಇಪ್ಪತ್ತು. ಐದಕ್ಕಾಗಲಿ ಅದಕ್ಕಿಂತ ಹೆಚ್ಚಿಗಾಗಲಿ ಹೌದೆಂದರೆ ಗೀಳು ಇರುವ ಸಂಭವ ಬಲವಾಗಿದೆಯೆಂದು ತಿಳಿಯುತ್ತಾರೆ. ಕೆನಡಾದೇಶದಲ್ಲಿ 2001ರಲ್ಲಿ ಇನ್ನೊಂದು ಪಟ್ಟಿ ಸಿದ್ಧವಾಯಿತು. ಅದರಲ್ಲಿ ಒಂಬತ್ತು ಪ್ರಶ್ನೆಗಳು, ಹಿಂದಿನ ಹನ್ನೆರಡು ತಿಂಗಳಿಗೆ ಮಾತ್ರ ಸಂಬಂಧಿಸಿದವು. ಎಂದೂ ಇಲ್ಲ ಎಂಬುದರಿಂದ ಯಾವಾಗಲೂ ಎಂಬುದರವರೆಗೆ ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕಗಳು. ಎಂಟಕ್ಕೆ ಮುಟ್ಟಿದರೆ ತೀವ್ರವಾದ ತೊಂದರೆ, ಮೂರರಿಂದ ಏಳಾದರೆ ನಡುವಿನ ಅಪಾಯ, ಒಂದೆರಡಾದರೆ ಅಲ್ಪ. ರೋಗ ಇದೆ ಅಥವಾ ಇಲ್ಲ ಎಂದು ಎರಡೇ ಭಾಗ ಮಾಡದೆ ಮೆಟ್ಟಿಲುಗಳನ್ನು ತೋರಿಸುವುದರಿಂದ ಈ ಪಟ್ಟಿ ನನಗೆ ಹೆಚ್ಚು ಮೆಚ್ಚಿಕೆಯಾಗಿದೆ.

ಎಲ್ಲಕ್ಕಿಂತ ಚಿಕ್ಕದು 1997ರಲ್ಲಿ ಪ್ರಕಟವಾದ ಎರಡೇ ಪ್ರಶ್ನೆಗಳ ಪಟ್ಟಿ. ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚು ಹಣ ಕಟ್ಟಬೇಕೆಂದು ನಿಮಗೆ ಎಂದಾದರೂ ಅನಿಸಿದೆಯೇ? ನಿಮಗೆ ಬೇಕಾದವರ ಮುಂದೆ, ಎಷ್ಟು ಆಡಿದ್ದೀರೆಂಬ ಬಗ್ಗೆ ಎಂದಾದರೂ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಎರಡರಲ್ಲಿ ಒಂದಕ್ಕೆ ಹೌದೆಂದರೂ ಸಾಕು, ಮುಂದಿನ ವಿಚಾರಣೆ ನಡೆಸಬೇಕು. 2010ರಲ್ಲಿ ಬಂದ ಮೂರು ಪ್ರಶ್ನೆಗಳ ಇನ್ನೊಂದು ಪಟ್ಟಿಯುಂಟು. ಆಟವನ್ನು ಬಿಡಲು ಅಥವಾ ಕಡಿಮೆ ಮಾಡಲು ಹೊರಟಾಗ ಚಡಪಡಿಕೆ, ಸಿಡಿಮಿಡಿ ಆಯಿತೇ ಎಂಬುದು ಮೊದಲನೆಯದು. ಎಷ್ಟು ಆಡುತ್ತೀರೆಂಬುದನ್ನು ಮನೆಯವರಿಂದ, ಗೆಳೆಯರಿಂದ ಮುಚ್ಚಿಟ್ಟಿರೇ ಎಂಬುದು ಎರಡನೆಯದು. ಆಟದ ದೆಸೆಯಿಂದ ಹೊಟ್ಟೆಬಟ್ಟೆಯ ಖರ್ಚಿಗೂ ಬಂಧುಗಳ ಬಳಿ ಹಣ ಬೇಡಬೇಕಾಯಿತೇ ಎಂಬುದು ಮೂರನೆಯದು.

ವಾಚಕರು ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಎರಡು ಪ್ರಶ್ನೆಗಳ ಪಟ್ಟಿಯಲ್ಲಿ ಒಂದು, ಮೂರರ ಪಟ್ಟಿಯಲ್ಲಿ ಎರಡು ಮನೆಯವರಿಗೆ ಸಂಬಂಧಿಸಿದವು. ಮೇಲೆ ಹೇಳಿದ 2013ರ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದಲ್ಲಿ ನಾಲ್ಕು ಕಂಡರೆ ಗೀಳು ಎಂದು ನಿರ್ಣಯ. ಆ ಒಂಬತ್ತರಲ್ಲಿ ಸುಳ್ಳು ಹೇಳುವುದು, ಮುಖ್ಯವಾದ ಸಂಬಂಧವನ್ನೋ ಉದ್ಯೋಗವನ್ನೋ ಓದನ್ನೋ ಕೆಡಿಸಿಕೊಳ್ಳುವುದು, ಸಂಕಟದಿಂದ ಪಾರಾಗಲು ಇತರರ ಹಣವನ್ನು ನಂಬುವುದು ಎಂಬ ಮೂರು ಇತರರನ್ನು ಒಳಗೊಂಡಿವೆ. ಎಷ್ಟು ಸೋತರೆ ರೋಗ ಎಂಬ ಮೊತ್ತ ಮಾತ್ರ ಎಲ್ಲಿಯೂ ಇಲ್ಲ. ಅದು ಇರಲೂ ಬಾರದು. ಶ್ರೀಮಂತನ ಹತ್ತು ಸಾವಿರಕ್ಕಿಂತ ಕೂಲಿಕಾರನ ಮುನ್ನೂರು ಭಾರವಾದುದು. ಹಣದ ಲೆಕ್ಕ ಮನೆಯಿಂದ ಮನೆಗೆ ಬದಲಾಗುತ್ತದೆ, ಸುಳ್ಳಿನ ಲೆಕ್ಕ ಎಲ್ಲ ಮನೆಗಳಲ್ಲಿಯೂ ಒಂದೇ.

ಆದರೆ ಈ ಪ್ರಶ್ನೆಗಳನ್ನು ಅತಿಯಾಗಿ ನಂಬುವುದೂ ತಪ್ಪು. ಎರಡು ಪ್ರಶ್ನೆಗಳ ಪಟ್ಟಿಯನ್ನು ಮೊದಲು ಪರೀಕ್ಷಿಸಿದಾಗ ಅದು ಗೀಳಿನವರಲ್ಲಿ ನೂರಕ್ಕೆ 99 ಜನರನ್ನು ಹಿಡಿಯಿತು. ಗೀಳಿಲ್ಲದವರಲ್ಲಿ ನೂರಕ್ಕೆ 9 ಜನರನ್ನು ತಪ್ಪಾಗಿ ಹಿಡಿಯಿತು. ಕೇಳಲು ಇದು ಉತ್ತಮ ಫಲವೇ. ಒಂದು ಊರಿನಲ್ಲಿ ಸಾವಿರ ವಯಸ್ಕರಿದ್ದಾರೆಂದೂ ಅವರಲ್ಲಿ 12 ಮಂದಿಗೆ ಗೀಳು ಇದೆಯೆಂದೂ ಊಹಿಸೋಣ. ಪ್ರಶ್ನೆಯು ಆ ಹನ್ನೆರಡು ಮಂದಿಯನ್ನೂ ಹಿಡಿಯಿತೆನ್ನಿ. ಉಳಿದ 988 ಮಂದಿಯಲ್ಲಿ ನೂರಕ್ಕೆ ಒಂಬತ್ತರಂತೆ ಸುಮಾರು 89 ಮಂದಿಯೂ ಅವರ ಜೊತೆಗೆ ಬರುತ್ತಾರೆ. ಜರಡಿಯ ಮೇಲೆ ಉಳಿದವರು 101, ಅವರಲ್ಲಿ ನಿಜವಾದ ರೋಗಿಗಳು 12. ಹೀಗಿರಲು ಆ ನೂರೊಂದು ಮಂದಿಗೂ ಜೂಜುಕೋರರೆಂದು ಪಟ್ಟ ಕಟ್ಟಿದರೆ ಎಂಥ ಅನ್ಯಾಯವಾದೀತು! ಕೇರಳದ ಎರ್ನಾಕುಲಂ ಜಿಲ್ಲೆಯ 58 ಕಾಲೇಜುಗಳ 5,580 ವಿದ್ಯಾರ್ಥಿಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವನ್ನೂ ಈ ಬೆಳಕಿನಲ್ಲಿಯೇ ಓದಬೇಕು. ಅವರಲ್ಲಿ ನೂರಕ್ಕೆ 19.5 ಮಂದಿ ಎಂದಾದರೂ ಜೂಜಾಡಿದವರು, ಹೆಚ್ಚಾಗಿ ಲಾಟರಿ, ನೂರಕ್ಕೆ 7.4 ಮಂದಿ ತೊಂದರೆಯ ಜೂಜುಗಾರರೆಂದು ಕಂಡುಬಂದರು. ಇದೇ ಎರಡು ಪ್ರಶ್ನೆಗಳಿಂದ ಸಿಕ್ಕ ಅಂಕೆ ಇದು. ಅವರೆಲ್ಲರೂ ರೋಗಿಗಳೆಂದಲ್ಲ. ಆದರೂ ಅವರಲ್ಲಿ ಪರೀಕ್ಷೆಯಲ್ಲಿ ನಪಾಸಾದವರು, ಮದ್ಯ ಮೊದಲಾದವುಗಳಿಗೆ ಬಿದ್ದವರು, ಸಾಯುವ ಯೋಚನೆ ಬಂದವರು ಉಳಿದವರಿಗಿಂತ ಹೆಚ್ಚಾಗಿದ್ದರು. ನಮ್ಮಂಥ ವಿದ್ಯಾರ್ಥಿಗಳು ಇದನ್ನು ಪಕ್ಕದ ರಾಜ್ಯದ ಮಾತೆಂದು ಬದಿಗಿಡಲಾಗದು.

ಇನ್ನೊಂದು ತೊಡಕು ಭಾಷೆಯದು. ಇಂಗ್ಲಿಷಿನ ಪ್ರಶ್ನೆಯನ್ನು ಹಾಗೆಯೇ ಕನ್ನಡಕ್ಕೆ ತಂದು “ನೀವು ಜೂಜಾಡುತ್ತೀರಾ?” ಎಂದು ಕೇಳಿದರೆ ನಮ್ಮ ಕಡೆ ನೂರಕ್ಕೆ ನೂರು ಜನ ಇಲ್ಲವೆನ್ನುವರು, ಅದು ಸುಳ್ಳೂ ಅಲ್ಲ. ಮಟ್ಕಾ ಆಡುವವನ ದೃಷ್ಟಿಯಲ್ಲಿ ಅದು ನಂಬರು, ರಮ್ಮಿ ಆಡುವವನಿಗೆ ಅದು ಗೇಮು, ಕ್ರಿಕೆಟ್ಟಿನವನಿಗೆ ಅದು ಟೀಮು. ಜೂಜೆಂಬ ಶಬ್ದ ಪೊಲೀಸರ ಬಾಯಲ್ಲಿ ಮಾತ್ರ ಬರುವಂಥದು. “ಸಾಲ ಮಾಡಿದ್ದೀರಾ?” ಎಂಬ ಪ್ರಶ್ನೆಯೂ ನಮ್ಮ ರೈತರ ನಡುವೆ ನಿಷ್ಪ್ರಯೋಜಕ; ಬೀಜ, ಗೊಬ್ಬರ, ಮದುವೆ, ದವಾಖಾನೆ ಎಂದು ಸಾಲವಿಲ್ಲದ ಮನೆ ಯಾವುದು? ಅದರ ಬದಲು, ಮನೆಗೆ ತಿಳಿಯದ ಸಾಲ ಇದೆಯೇ ಎಂದು ಕೇಳಬೇಕು. ಏನನ್ನಾದರೂ ಮಾರಿದಿರಾ ಎಂದು ಕೇಳುವುದಕ್ಕಿಂತ, ಅಡವಿಟ್ಟ ಬಂಗಾರ ಯಾರದು, ಅವರಿಗೆ ಗೊತ್ತಿದೆಯೇ ಎಂದು ಕೇಳಬೇಕು. ಆಟ ಬಿಟ್ಟಾಗ ಸಿಡುಕು ಬರುತ್ತದೆಯೇ ಎಂಬುದಕ್ಕೆ ಗಂಡನ ಉತ್ತರಕ್ಕಿಂತ ಹೆಂಡತಿಯ ಉತ್ತರವೇ ಹೆಚ್ಚು ನೆಚ್ಚತಕ್ಕದ್ದು. ಹೊಡೆತ ತಿಂದವಳು ಅವಳಲ್ಲವೇ?

ಈ ಕೊನೆಯ ಮಾತನ್ನು ಅಲಂಕಾರಕ್ಕಾಗಿ ಬರೆದುದಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಹೆಂಗಸರನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೂಜಿನ ತೊಂದರೆಯುಳ್ಳವನ ಹೆಂಡತಿಗೋ ಸಂಗಾತಿಗೋ ಹೊಡೆತ ಬೀಳುವ ಸಂಭವ ಅನೇಕ ಪಟ್ಟು ಹೆಚ್ಚೆಂದು ಕಂಡಿತು. ಅದು ಒಂದು ಆಸ್ಪತ್ರೆಯ ಮಾತು, ಇಡೀ ಲೋಕದ್ದಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ತೀವ್ರ ಗೀಳಿನ ಒಬ್ಬ ಜೂಜುಗಾರನು ಸರಾಸರಿ ಆರು ಜನರಿಗೆ ತೊಂದರೆ ಕೊಡುತ್ತಾನೆ. ನಮ್ಮ ಅವಿಭಕ್ತ ಮನೆಗಳಲ್ಲಿ ಆರಕ್ಕೆ ನಿಲ್ಲುವುದೇ ಎಂದು ನನಗೆ ಸಂಶಯ. ತಾಯಿ, ತಂದೆ, ಹೆಂಡತಿ, ಮಕ್ಕಳು, ಮದುವೆಗೆ ಬಂದ ತಂಗಿ, ಜಾಮೀನು ನಿಂತ ಭಾವ, ಜೊತೆಯಲ್ಲಿ ಸಾಲ ತೆಗೆದ ಸಂಘದ ಹೆಂಗಸರು ಎಂದು ಎಣಿಸುತ್ತ ಹೋದರೆ ಸಂಖ್ಯೆ ದೊಡ್ಡದಾಗುತ್ತದೆ. ಸಂಘದ ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಹೀಗೆ ಒಬ್ಬ ಗಂಡಸಿನ ಆಟದ ಸಾಲ ಅವನ ಮುಖವನ್ನೇ ನೋಡದ ಹೆಂಗಸರ ಸೆರಗಿಗೆ ಕಟ್ಟಿಬಿಡುತ್ತದೆ.

ಮನೆಯವರು ಈ ಕಷ್ಟವನ್ನು ಹೇಗೆ ಎದುರಿಸುತ್ತಾರೆಂಬುದನ್ನು ಜಿಮ್ ಆರ್ಫರ್ಡ್ ಎಂಬ ಆಂಗ್ಲ ಮನಶ್ಶಾಸ್ತ್ರಜ್ಞರು ಬಹುಕಾಲ ಅಭ್ಯಸಿಸಿದ್ದಾರೆ. ಚಟಕ್ಕೆ ಬಿದ್ದವನ ಮನೆಯವರು ಮೂರು ದಾರಿ ಹಿಡಿಯುತ್ತಾರೆಂದು ಅವರ ಮತ: ಸಹಿಸಿಕೊಂಡಿರುವುದು, ಎದುರು ನಿಲ್ಲುವುದು, ದೂರ ಸರಿದು ತಮ್ಮನ್ನು ಉಳಿಸಿಕೊಳ್ಳುವುದು. ಒಂದೇ ಮನೆಯಲ್ಲಿ ಒಂದೇ ವಾರದಲ್ಲಿ ಈ ಮೂರೂ ನಡೆಯಬಹುದು. ಯಾವುದೂ ತಪ್ಪಲ್ಲ, ಯಾವುದಕ್ಕೂ ಬೆಲೆ ಇಲ್ಲದೆ ಇಲ್ಲ. ರಷ್ಯಾದ ಕಾದಂಬರಿಕಾರ ದಸ್ತಯೆವ್‌ಸ್ಕಿಯ ಹೆಂಡತಿ ಆನ್ನಾ 1867ರಲ್ಲಿ ಪರದೇಶದಲ್ಲಿ ತನ್ನ ಒಡವೆಗಳನ್ನು ಒಂದೊಂದಾಗಿ ಅಡವಿಡಲು ಕೊಟ್ಟಳು; ತಾನು ಕಲಿತ ಶೀಘ್ರಲಿಪಿಯಲ್ಲಿ, ಗಂಡನಿಗೆ ಓದಲಾಗದಂತೆ, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟಳು. 1871ರಲ್ಲಿ ಆತ ಜೂಜು ಬಿಟ್ಟ. ಅಂಥ ಮುಕ್ತಾಯ ಎಲ್ಲ ಸಹನೆಗೂ ದೊರೆಯುತ್ತದೆಂದು ತಿಳಿಯುವುದು ಭ್ರಾಂತಿ. ಜೂಜುಗಾರರ ಚಿಕಿತ್ಸೆಗೆಂದೇ 1972ರಲ್ಲಿ ಅಮೆರಿಕದ ಓಹಾಯೋದಲ್ಲಿ ಆಸ್ಪತ್ರೆಯ ವಿಭಾಗವೊಂದನ್ನು ತೆರೆದ ಡಾ. ರಾಬರ್ಟ್ ಕಸ್ಟರ್ ಅವರು ಗೀಳಿಗೆ ಗೆಲುವು, ಸೋಲು, ಹತಾಶೆ ಎಂದು ಮೂರು ಹಂತಗಳನ್ನು ಹೇಳಿದ್ದಾರೆ. ಸೋಲಿನ ಹಂತದಲ್ಲಿ ಮನೆಯವರು ಹೊಲ ಮಾರಿ ಸಾಲ ತೀರಿಸಿದರೆ ಆಟಗಾರನ ಮನಸ್ಸು ಅದನ್ನು ಇನ್ನೊಂದು ಗೆಲುವೆಂದೇ ಎಣಿಸುತ್ತದೆ. ‘ಇದೊಂದು ಸಲ’ ಎಂದು ತಂದೆ ಸಾಲ ತೀರಿಸಿದ ಮನೆಗಳಲ್ಲಿ ಎರಡನೆಯ ಸಲ ಬರುವುದೇಕೆಂಬುದಕ್ಕೆ ಇದು ಉತ್ತರ. ಸಾಲ ತೀರಿಸಲೇಬೇಕಾದರೆ ಹಣವನ್ನು ಅವನ ಕೈಗೆ ಕೊಡದೆ ಸಾಲಗಾರನಿಗೆ ನೇರವಾಗಿ ಕೊಡುವುದು, ಅದಕ್ಕೆ ಮೊದಲು ಎಲ್ಲ ಸಾಲಗಳ ಪಟ್ಟಿಯನ್ನು ಮನೆಯವರ ಮುಂದೆ ಬರೆಸುವುದು ಲೇಸು.

ಕಾನೂನಿನ ಮಾತನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತೇನೆ, ಏಕೆಂದರೆ ಅದರಿಂದ ಮನೆಯವರ ಪ್ರಶ್ನೆ ಬಗೆಹರಿಯುವುದಿಲ್ಲ. ಮಟ್ಕಾ, ಅಂದರ್-ಬಾಹರ್‌ಗಳು 1963ರ ಕರ್ನಾಟಕ ಪೊಲೀಸ್ ಅಧಿನಿಯಮದ ಪ್ರಕಾರ ಅಪರಾಧ. ಲಾಟರಿಯನ್ನು ನಮ್ಮ ರಾಜ್ಯವು 2007ರಲ್ಲಿ ನಿಲ್ಲಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಮಸೂದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು, ಅದರಲ್ಲಿ ಶಿಕ್ಷೆ ಆಡಿಸುವವರಿಗೆ ಮತ್ತು ಜಾಹೀರಾತು ಮಾಡುವವರಿಗೆ, ಆಡುವವರಿಗಲ್ಲ. ನಿಷೇಧವು ಅಂಗಡಿಯನ್ನು ಮುಚ್ಚೀತು, ಆದರೆ ಚಾದರದೊಳಗಿನ ಚಡಪಡಿಕೆಯನ್ನು ಪ್ರಶ್ನೆ ಕೇಳಿಯೇ ಹೊರತೆಗೆಯಬೇಕು.

ಹಾಗಾದರೆ ಕೇಳುವವರು ಯಾರು? ಪೊಲೀಸರಂತೂ ಅಲ್ಲ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದೆಂದು ತೋರಿಸಿಕೊಟ್ಟುದು ನಮ್ಮ ಬಳ್ಳಾರಿ ಜಿಲ್ಲೆಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಅಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಮೂವತ್ತು ವರ್ಷ ಮೀರಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ತಂಬಾಕು ತಿನ್ನುತ್ತೀರಾ, ಮದ್ಯ ಕುಡಿಯುತ್ತೀರಾ ಎಂದು ಕೇಳಿ ಫಾರ್ಮು ತುಂಬಿಕೊಳ್ಳುತ್ತಾಳೆ. ಆ ಫಾರ್ಮಿನಲ್ಲಿ ಜೂಜಿನ ಪ್ರಶ್ನೆ ಇಲ್ಲ. ಆಕೆ ಕೂತು ಮಾತನಾಡುವುದು ಅಡುಗೆಮನೆಯ ಬಾಗಿಲಲ್ಲಿ, ಹೆಚ್ಚಾಗಿ ಹೆಂಗಸರೊಡನೆ. ಮನೆಯಲ್ಲಿ ಯಾರಾದರೂ ರೊಕ್ಕ ಕಟ್ಟಿ ಆಡುವುದರಿಂದ ನಿಮಗೆ ತ್ರಾಸು ಆಗಿದೆಯೇ ಎಂಬ ಒಂದೇ ಪ್ರಶ್ನೆಯನ್ನು ಅಲ್ಲಿ ಸೇರಿಸಿದರೆ ಸಾಕು. ನಿದ್ರೆ ಬಾರದೆಂದು ಗುಳಿಗೆಗೆ ಬಂದ ಹೆಂಗಸಿಗೆ ದವಾಖಾನೆಯಲ್ಲಿ ಅದನ್ನೇ ಕೇಳಬಹುದು. ಕೇಳಬೇಕಾದರೆ ಗಂಡನೋ ಅತ್ತೆಯೋ ಪಕ್ಕದಲ್ಲಿರದ ಹೊತ್ತು ನೋಡಬೇಕು. ಉತ್ತರವನ್ನು ಓಣಿಗೆ ಹಂಚಬಾರದು. ಹೌದೆಂದವಳಿಗೆ ಮುಂದಿನ ದಾರಿಯನ್ನು ಅಲ್ಲಿಯೇ ಹೇಳಬೇಕು, ಇಲ್ಲವಾದರೆ ಕೇಳಿದುದರಿಂದ ಆಕೆಗೆ ಅಪಾಯವೇ ಹೊರತು ಉಪಕಾರವಿಲ್ಲ.

ಮುಂದಿನ ದಾರಿ ಇಲ್ಲದಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಪ್ರಕಾರ ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತಾದ ಮಂಗಳವಾರಗಳಲ್ಲಿ ಮನೋವೈದ್ಯರು ಬರುವ ಏರ್ಪಾಡಿದೆ; ಬಸವಕಲ್ಯಾಣ, ಹುಮನಾಬಾದುಗಳ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗಬಹುದು. ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ಮೊಬೈಲಿನ ಚಟಕ್ಕೆಂದೇ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆದಿದೆ, ಆದರೆ ಅದು ಬೆಂಗಳೂರಿನಲ್ಲಿದೆ. ನಮ್ಮ ಕಡೆಯಿಂದ ಒಂದು ರಾತ್ರಿಯ ಪ್ರಯಾಣ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿಗೆ 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಆಡುವವನೇ ಮಾತನಾಡಬೇಕೆಂದಿಲ್ಲ, ತಾಯಿ, ಹೆಂಡತಿ, ಮಗಳು ಯಾರಾದರೂ ಮಾತನಾಡಬಹುದು. ಮನೆಯಲ್ಲಿ ಸಾಯುವ ಮಾತು ಬಂದಿದ್ದರೆ ಮಂಗಳವಾರದವರೆಗೆ ಕಾಯದೆ ಅದೇ ದಿನ ಈ ಸಂಖ್ಯೆಗೆ ಮಾತನಾಡಿ, ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಆಸ್ಪತ್ರೆಗೆ ಹೋಗುವಾಗ ಪಾಸ್‌ಬುಕ್ಕನ್ನೂ ಅಡವಿನ ಚೀಟಿಗಳನ್ನೂ ಸಂಘದ ಕಂತಿನ ಕಾರ್ಡನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಓದಲು ಬಾರದವರು ಓಣಿಯಲ್ಲಿ ಕಲಿತ ಹುಡುಗ ಹುಡುಗಿಯರಿಂದ ತಾರೀಖುಗಳಿಗೆ ಗುರುತು ಹಾಕಿಸಿಕೊಂಡು ಹೋದರೆ ವೈದ್ಯರಿಗೆ ಅರ್ಧ ವಿಷಯ ಆ ಕಾಗದಗಳಿಂದಲೇ ತಿಳಿಯುತ್ತದೆ.